ಅಕ್ರೋಟು ಸಿಪ್ಪೆಯ ಔಷಧ

ಶುಕ್ರವಾರ ಜಡ್ಜಮ್ಮ ಹೂಂ ಅಂದರೆ ಮೇಸಿ ಶನಿವಾರ ಮನೆಗೆ ಬರುತ್ತಾಳೆ. ಆ ವಾರವೆಲ್ಲ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಆರು ವರ್ಷದ ಮೊಮ್ಮಗಳು ಹನ್ನೊಂದು ತಿಂಗಳಿಂದ ಯಾರದೋ ಮನೆಯಲ್ಲಿ, ಯಾರೋ ಬಡಿಸಿದ್ದನ್ನು ಉಣ್ಣುತ್ತಿದ್ದಳು. ಅವಳ ತಾಯಿ ಎಲ್ಲಿದ್ದಾಳೋ ದೇವರಿಗೇ ಗೊತ್ತು. ಅಪ್ಪ ಅಂದರೆ ನನ್ನ ಮಗ ಲಾನಿ. ಗಣಿಯಲ್ಲಿ ಬೆನ್ನಿಗೆ ಪೆಟ್ಟು ಮಾಡಿಕೊಂಡು, ನೋವಿಗೆ ಕೊಟ್ಟ ಮಾತ್ರೆಯ ದಾಸನಾಗಿ, ಮಾತ್ರೆ ಸಿಗದಿದ್ದಾಗ ಕುಡಿತಕ್ಕೆ ಬಿದ್ದ. ಕೊನೆಗೆ ಒಂದು ಸಂಜೆ ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಗಾಡಿಯನ್ನು ಹಳ್ಳಕ್ಕೆ ಇಳಿಸಿದ. ಮಗುವಿಗೆ ಒಂದು ಗೀರೂ ಆಗಲಿಲ್ಲ. ಆದರೆ ಕೌಂಟಿಯ ಮಕ್ಕಳ ಇಲಾಖೆಯವರು ಬಂದು ಅವಳನ್ನು ಎತ್ತಿಕೊಂಡು ಹೋದರು. ಅವರು ಮಾಡಿದ್ದು ಸರಿ ಎಂದು ಒಪ್ಪಿಕೊಳ್ಳುವುದಕ್ಕೆ ನನಗೆ ಬಹಳ ದಿನ ಹಿಡಿಯಿತು.

ಈ ಹನ್ನೊಂದು ತಿಂಗಳು ಲಾನಿ ಒಂದು ತೊಟ್ಟೂ ಮುಟ್ಟಿರಲಿಲ್ಲ. ಚಟಕ್ಕೆ ಬಿದ್ದವರನ್ನು ಪರೀಕ್ಷೆ ಮಾಡುತ್ತ ತಿದ್ದುವ ಡ್ರಗ್ ಕೋರ್ಟಿನವರು ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಟ್ಟಿರುತ್ತಾರೆ, ಇವನದು ನೇರಳೆ. ದಿನಾ ಬೆಳಿಗ್ಗೆ ಎದ್ದು ಫೋನ್ ಮಾಡಬೇಕು. ಇವತ್ತು ನೇರಳೆ ಅಂದರೆ ಪಟ್ಟಣಕ್ಕೆ ಓಡಿ, ಅವರ ಕಣ್ಣೆದುರಿಗೇ ಬಟ್ಟಲಿಗೆ ಉಚ್ಚೆ ಹೊಯ್ದು ಕೊಟ್ಟು ಬರಬೇಕು. ಮೂವತ್ತಾರು ವರ್ಷದ ಗಂಡಸು. ನಾಚಿಕೆ ಬಿಟ್ಟು ಮಾಡಿದ.

ಸೋಮವಾರ ಬೆಳಿಗ್ಗೆ ನಾವಿಬ್ಬರೂ ಬೇಲಿ ಪಕ್ಕದ ಕರಿ ಅಕ್ರೋಟಿನ ಮರದ ಕೆಳಗೆ ಕಾಯಿ ಆಯುತ್ತಿದ್ದೆವು. ಸೆಪ್ಟೆಂಬರ್ ತಿಂಗಳ ಕೊನೆ. ನಮ್ಮ ಕೆಂಟಕಿ ಬೆಟ್ಟಗಳಲ್ಲಿ ಈ ಮರವನ್ನು ಮನುಷ್ಯರು ನೆಡುವುದಿಲ್ಲ, ಅಳಿಲು ನೆಡುತ್ತದೆ, ಮನುಷ್ಯರು ಆಯುತ್ತಾರೆ. ತಿನ್ನುವುದಕ್ಕಾದರೆ ಸಿಪ್ಪೆ ಕಪ್ಪಾಗಿದ್ದರೂ ನಡೆಯುತ್ತದೆ. ದಾರಿಯಲ್ಲಿ ಹರವಿ ಮೇಲೆ ಪಿಕಪ್ ಗಾಡಿ ಓಡಿಸಿದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ, ಒಳಗಿನ ಗಟ್ಟಿ ಚಿಪ್ಪಿಗೆ ಏನೂ ಆಗುವುದಿಲ್ಲ. ಔಷಧಕ್ಕೆ ಮಾತ್ರ ಹಸಿರು ಸಿಪ್ಪೆಯೇ ಬೇಕು. ಉಗುರಿನಿಂದ ಗೀರಿದರೆ ನಿಂಬೆಯಂಥ ವಾಸನೆ ಬರಬೇಕು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಆ ಕೆಸರನ್ನಾದರೂ ತೊಳೆಯಬಹುದು. ಇದರ ಕರೆ ಯಾವ ಸೋಪಿಗೂ ಬಗ್ಗುವುದಿಲ್ಲ.

"ಗ್ಲೌಸ್ ಹಾಕ್ಕೊಳೋ," ಅಂದೆ. "ಶುಕ್ರವಾರ ಕೋರ್ಟಿಗೆ ಇದ್ದಿಲು ಕದ್ದೋನ್ ತರ ಹೋಗ್ತೀಯಾ?"

"ಜಡ್ಜಮ್ಮಂಗೆ ನನ್ ಕೈ ಕಟ್ಕೊಂಡು ಏನಾಗ್ಬೇಕಮ್ಮ? ಅವ್ರಿಗೆ ಬೇಕಾಗಿರೋದು ಉಚ್ಚೆ."

ಅವನ ಮೊಣಕೈ ಹತ್ತಿರ ಗಜಕರ್ಣ ಎದ್ದಿತ್ತು. ಹಿಡಿದು ಎಳೆದು, ಹಸಿ ಸಿಪ್ಪೆ ಒಡೆದು ತಿಕ್ಕಿದೆ. ಉರಿಗೆ ಕುಣಿದಾಡಿದ. "ಕೊಲ್ತೀಯೇನೇ!"

"ಗಣಿಗೆ ಇಳಿದೋನಂತೆ, ಒಂದು ಸಿಪ್ಪೆ ತಡ್ಕೊಳಕ್ಕಾಗಲ್ಲ. ನೋಡು, ಅಂಗಿ ಒಳಗೆ ಮೂಳೆ ಬಿಟ್ರೆ ಇನ್ನೇನೂ ಇಲ್ಲ. ಉಂಡಿದ್ದೆಲ್ಲ ಎಲ್ಲೋಗ್ತಿದೆ? ನಿದ್ದೇಲಿ ಹಲ್ಲು ಕಡೀತೀಯ, ಗೋಡೆಯಾಚೆಗೂ ಕೇಳ್ಸುತ್ತೆ. ಹೊಟ್ಟೇಲಿ ಹುಳ ಕಣೋ."

"ಹುಳ ಅಲ್ಲಮ್ಮ," ಅಂದ. "ಶುಕ್ರವಾರ."

ನಾನು ಕೇಳಲಿಲ್ಲ. ಹಲ್ಲು ಕಡಿದರೆ ಹುಳ, ಹುಳಕ್ಕೆ ಸಿಪ್ಪೆ ಔಷಧ. ನನಗೆ ಅದರ ಮುಂದಿನ ಪಾಠ ಬಾರದು. ಒಳಗೆ ಹೋಗಿ ಉಗ್ರಾಣದ ಹಲಗೆಯಿಂದ ಹೋದ ವರ್ಷದ ಜಾಡಿ ಇಳಿಸಿದೆ. ಶಾಯಿಯಷ್ಟು ಕಪ್ಪಗೆ ಇಳಿದಿತ್ತು. ಒಂದು ಚಮಚ ತುಂಬಿಸಿ ಅವನ ಬಾಯಿಗೆ ಹಿಡಿದೆ.

ಆ ಜಾಡಿಯಲ್ಲಿ ಏನಿತ್ತು ಎಂದು ಈಗಲೇ ಹೇಳಿಬಿಡುತ್ತೇನೆ. ಹಸಿ ಸಿಪ್ಪೆ, ಮತ್ತು ಅದು ಮುಳುಗುವಷ್ಟು ಕಳ್ಳಭಟ್ಟಿ. ನನ್ನ ಅಣ್ಣನ ಮಗ ಆರ್ವಿಲ್ ಬೆಟ್ಟದ ಹಿಂದೆ ಇಳಿಸುತ್ತಾನೆ, ಬೆಂಕಿ ತಾಗಿಸಿದರೆ ನೀಲಿಯಾಗಿ ಉರಿಯುವಂಥದ್ದು. ನೀರಿಗೆ ಸಿಪ್ಪೆಯ ಸತ್ವ ಪೂರ್ತಿ ಇಳಿಯುವುದಿಲ್ಲ, ಅದಕ್ಕೇ ಅದು ಬೇಕು. ನಾನು ನಲವತ್ತು ವರ್ಷದಿಂದ ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರುವವಳು. ನನ್ನ ಗಂಡ ಹೋಬರ್ಟ್ ಬದುಕಿರುವವರೆಗೆ ಕುಡಿಯುವುದಿದ್ದರೆ ದನದ ಕೊಟ್ಟಿಗೆಯಲ್ಲೇ ಕುಡಿಯಬೇಕಿತ್ತು, ಸತ್ತದ್ದೂ ಅಲ್ಲೇ. ಈ ಹೊಸಿಲೊಳಗೆ ಹೆಂಡ ಬಂದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಉಗ್ರಾಣದ ಜಾಡಿಗಳು? ಅದು ಔಷಧ. ಹಾಗೆಂದು ನನಗೆ ಅಮ್ಮ ಹೇಳಿದ್ದಳು, ಅವಳಿಗೆ ಅವಳಮ್ಮ. ಈ ಕಣಿವೆಯಲ್ಲಿ ಯಾವ ಹೆಂಗಸನ್ನು ಕೇಳಿದರೂ ಅದನ್ನೇ ಹೇಳುತ್ತಾಳೆ. ಮಗನ ಬಾಯಿಗೆ ಚಮಚ ಇಡುವಾಗ ನನಗೆ ಕೋರ್ಟು, ನೇರಳೆ ಬಣ್ಣ, ಬಟ್ಟಲು ಯಾವುದೂ ನೆನಪಾಗಲಿಲ್ಲ. ನಂಬುವವರು ನಂಬಲಿ.

ಲಾನಿ ನುಂಗಿ ಜಾಡಿಯ ಕಡೆ ನೋಡಿದ. "ಇದ್ರಲ್ಲಿ ಏನಿದೆ?"

"ಅಕ್ರೋಟು ಸಿಪ್ಪೆ. ಚಿಕ್ಕೋನಿದ್ದಾಗ ಎಷ್ಟು ಕುಡ್ದಿಲ್ಲ ನೀನು?"

ಅವನು ಚಮಚವನ್ನು ನನ್ನ ಕೈಯಿಂದ ತೆಗೆದುಕೊಂಡು ನೆಕ್ಕಿದ. ಬಾಲ್ಯದಲ್ಲಿ ಇದೇ ಔಷಧಕ್ಕೆ ಅವನನ್ನು ಮಂಚದಡಿಯಿಂದ ಎಳೆಯಬೇಕಾಗುತ್ತಿತ್ತು. ಈಗ ಬುದ್ಧಿ ಬಂದಿದೆ ಎಂದು ಹಿಗ್ಗಿದೆ.

ದಿನಕ್ಕೆ ಮೂರು ಚಮಚ. ಮಂಗಳವಾರ ನಾನು ಕರೆಯುವ ಮೊದಲೇ ಅಡಿಗೆಮನೆಗೆ ಬಂದು ನಿಂತಿದ್ದ. ಬುಧವಾರ ಮಧ್ಯಾಹ್ನ ನಾನು ಮರದ ಕಡೆಯಿಂದ ಬಕೆಟ್ ಹೊತ್ತು ಬರುತ್ತಿದ್ದಾಗ, ಉಗ್ರಾಣದ ಕಿಟಕಿಯಲ್ಲಿ ಅವನು ಕಂಡ. ಜಾಡಿಯನ್ನೇ ಬಾಯಿಗೆ ಎತ್ತಿದ್ದ. ಕೆಳಗಿಟ್ಟು ತೋಳಿನಿಂದ ಬಾಯಿ ಒರೆಸಿಕೊಂಡ. ನಾನು ಬಕೆಟ್ಟನ್ನು ಬೇಕೆಂದೇ ಕಲ್ಲಿನ ಮೇಲೆ ದಡಾರೆಂದು ಕುಕ್ಕಿದೆ. ಅವನು ಹೊರಗೆ ಬಂದ. ಔಷಧವನ್ನು ಮರೆಯದೆ ತೆಗೆದುಕೊಳ್ಳುತ್ತಿದ್ದಾನೆ, ಒಳ್ಳೆಯದೇ ಆಯಿತು ಎಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ಇಲ್ಲಿ ಕುಡಿದವನು ಅವನು, ಕಣ್ಣು ಮುಚ್ಚಿಕೊಂಡವಳು ನಾನು.

ಗುರುವಾರ ಬೆಳಿಗ್ಗೆ ಫೋನಿನಲ್ಲಿ ನೇರಳೆ ಎಂದರು. ಲಾನಿ ರಿಸೀವರ್ ಇಟ್ಟು, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಟ. ನಾನು ಹೊಸ ಸಿಪ್ಪೆ ಹೆಚ್ಚಿ ಜಾಡಿಗಳಿಗೆ ತುಂಬುತ್ತಿದ್ದೆ. ಮೇಲೆ ಹೊಯ್ಯುವುದಕ್ಕೆ ಆರ್ವಿಲ್ ಕೊಟ್ಟ ಹೂಜಿಯ ಬಿರಡೆ ಕಿತ್ತೆ.

ಹೋಬರ್ಟನ ಅಂಗಿಯ ವಾಸನೆ ಬಂತು.

ಪ್ರತಿ ವರ್ಷ ಅದೇ ಬಿರಡೆ ಕೀಳುತ್ತಿದ್ದೆ, ಒಂದು ಸಲವೂ ಹಾಗೆ ಅನಿಸಿರಲಿಲ್ಲ. ನೇರಳೆ, ಬಟ್ಟಲು ಎರಡೂ ಆಗ ನೆನಪಾದವು. ಹೂಜಿ ಕೆಳಗಿಟ್ಟೆ. ನಮ್ಮ ಕಣಿವೆಯಲ್ಲಿ ಮೊಬೈಲು ಹಿಡಿಯುವುದಿಲ್ಲ. ಗೋಡೆಯ ಫೋನಿನಿಂದ ಟೆಸ್ಟ್ ಮಾಡುವ ಕಡೆಗೇ ಕರೆ ಮಾಡಿದೆ. ಯಾವುದೋ ಹುಡುಗಿ ಎತ್ತಿಕೊಂಡು, "ಲಾನಿ ಸ್ಟಿಡಮ್ ಅವರಾ? ಒಳಗೆ ಹೋದ್ರು, ಏನಾದ್ರೂ ಹೇಳ್ಬೇಕಿತ್ತಾ?" ಅಂದಳು. ಏನು ಹೇಳಲಿ? ಬರುವಾಗ ಬೆಣ್ಣೆ ತರುವುದಕ್ಕೆ ಹೇಳಿ ಅಂದೆ. ಹಾಗಂದೆ ನೋಡಿ.

ಲಾನಿ ಬೆಣ್ಣೆ ತಂದ. "ಆಯ್ತಾ?" ಅಂದೆ. "ಆಯ್ತು," ಅಂದ. ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ. ಮೇಸಿಗೆ ಕೇಕು ಮಾಡಬೇಕೆಂದು ಹೋದ ವರ್ಷದ ಒಣಗಿದ ಕಾಯಿಗಳನ್ನು ಕಬ್ಬಿಣದ ಹಳಿ ತುಂಡಿನ ಮೇಲಿಟ್ಟು ಸುತ್ತಿಗೆಯಲ್ಲಿ ಒಡೆಯುತ್ತ ಕೂತೆ. ಈ ಕಾಯಿಗೆ ಎರಡು ಏಟಾದರೂ ಬೇಕು. ಅವತ್ತು ನಾನು ನಾಲ್ಕೈದು ಬಿಟ್ಟೆ. ತಿರುಳು ಪುಡಿಯಾಯಿತು, ಬೆರಳೂ ಜಜ್ಜಿತು.

"ಅಮ್ಮ," ಅಂದ, ಬಾಗಿಲಲ್ಲಿ ನಿಂತು. "ನಾಳೆ ನೀನು ಬರೋದು ಬೇಡ."

"ಯಾಕೋ? ನಾನಿಲ್ದೆ ಎಂದಾದ್ರೂ ಹೋಗಿದೀಯಾ?"

"ಇದೊಂದ್ಸಲ ಮನೇಲಿರು. ನಾನು ನೋಡ್ಕೋತೀನಿ."

"ನೀನು ನೋಡ್ಕೊಂಡಿದ್ದನ್ನ ನೋಡಿದೀನಿ ಹೋಗು."

ಬಾಯಿ ತಪ್ಪಿ ಬಂತು. ಅವನು ಆಗಲೇ ಬಾಯಿ ಬಿಡಬಹುದಿತ್ತು. ನಾನೂ ಅಲ್ಲೇ ಹೇಳಿಬಿಡಬಹುದಿತ್ತು. ಜಾಡಿಯ ಮಾತು ಇಬ್ಬರ ಗಂಟಲಲ್ಲೂ ಇತ್ತು. ಸುತ್ತಿಗೆ ಎತ್ತಿ ಇನ್ನೊಂದು ಕಾಯಿ ಒಡೆದೆ. ಆ ಹೊತ್ತಿಗೆ ನಾನು ಒಂದು ತೀರ್ಮಾನಕ್ಕೆ ಬಂದಾಗಿತ್ತು: ತಪ್ಪನ್ನೆಲ್ಲ ನನ್ನ ತಲೆಗೆ ಕಟ್ಟಿಕೊಳ್ಳುತ್ತೇನೆ. ಅರವತ್ತೆಂಟು ವರ್ಷದ ಮುದುಕಿಯನ್ನು ಏನು ಮಾಡಿಯಾರು?

ಕೋರ್ಟಿನಲ್ಲಿ ಜಡ್ಜಮ್ಮ ಕನ್ನಡಕ ಏರಿಸಿಕೊಂಡು ಹಾಳೆ ನೋಡಿದರು. ಪಕ್ಕದಲ್ಲಿ ಮೇಸಿಯ ಉಸ್ತುವಾರಿ ನೋಡುವ ಕೌಂಟಿಯ ಹುಡುಗಿ ಮಿಸ್ ಪ್ರಿಚರ್ಡ್ ಕೂತಿದ್ದಳು. ಎಂದಿನಂತೆ ನಗಲಿಲ್ಲ.

"ಮಿಸ್ಟರ್ ಸ್ಟಿಡಮ್, ನಿನ್ನೆ ಕೊಟ್ಟಿದ್ರಲ್ಲಿ ಆಲ್ಕೋಹಾಲ್ ಸಿಕ್ಕಿದೆ."

ಲಾನಿ ಬಾಯಿ ತೆರೆಯುವ ಮೊದಲೇ ನಾನು ಎದ್ದೆ. "ತಪ್ಪು ನಂದು ತಾಯಿ."

"ಅಮ್ಮ, ಕೂತ್ಕೋ," ಅಂದ ಲಾನಿ.

"ನೀನು ಸುಮ್ನಿರು."

"ಅಮ್ಮ, ದಯವಿಟ್ಟು ಕೂತ್ಕೋ."

ಕೂರಲಿಲ್ಲ. ಹೇಳುವುದಿದ್ದರೆ ಪ್ರಮಾಣ ಮಾಡಿ ಹೇಳಬೇಕು ಎಂದರು ಜಡ್ಜಮ್ಮ. ಬಲಗೈ ಎತ್ತಿದೆ. ಮಣಿಕಟ್ಟಿನವರೆಗೂ ಕಪ್ಪಾಗಿದ್ದ ಕೈಯನ್ನು ಇಡೀ ಕೋರ್ಟು ನೋಡಿತು. ಹುಳ, ಸಿಪ್ಪೆ, ಚಮಚ ಎಲ್ಲ ಹೇಳಿದೆ. ಕಳ್ಳಭಟ್ಟಿಯನ್ನೂ ಹೇಳಿದೆ, ಆರ್ವಿಲ್ ಹೆಸರೊಂದು ಬಿಟ್ಟು. ಅಲ್ಲಿಯವರೆಗೆ ಎಲ್ಲವೂ ನಿಜ.

"ಅದ್ರಲ್ಲಿ ಸಾರಾಯಿ ಇದೆ ಅಂತ ನಿಮ್ಮ ಮಗನಿಗೆ ಗೊತ್ತಿತ್ತಾ?"

"ಇಲ್ಲ ತಾಯಿ."

"ರುಚಿ ಗೊತ್ತಾಗಲ್ವಾ?"

"ಅಕ್ರೋಟು ಸಿಪ್ಪೆ ಕಹಿ ಮುಂದೆ ಯಾವ ರುಚೀನೂ ನಿಲ್ಲಲ್ಲ."

"ಅವ್ರಾಗೇ ತಗೊಂಡು ಕುಡಿದಿದ್ದನ್ನ ಯಾವಾಗ್ಲಾದ್ರೂ ನೋಡಿದ್ರಾ?"

ಕಿಟಕಿ ಕಣ್ಣ ಮುಂದೆ ಬಂತು. "ಇಲ್ಲ. ಕೊಟ್ಟೋಳು ನಾನು, ಚಮಚ ಹಿಡಿದೋಳು ನಾನು. ದೇವರಾಣೆ ಅವನು ಜಾಡಿ ಮುಟ್ಟಿಲ್ಲ."

ಕೇಳದ ಆಣೆಯನ್ನೂ ಸೇರಿಸಿ ಇಟ್ಟೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಜನ ಆಡಿಕೊಳ್ಳಲಿ, ಮಗು ಮನೆಗೆ ಬಂದರೆ ಸಾಕು ಎಂಬುದಷ್ಟೇ ನನ್ನ ಮನಸ್ಸಿನಲ್ಲಿ ಇದ್ದದ್ದು. ಲಾನಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ.

ಜಡ್ಜಮ್ಮ ಇನ್ನೊಂದು ಹಾಳೆ ಎತ್ತಿಕೊಂಡರು.

"ನಿನ್ನೆ ಬಟ್ಟಲು ಕೈಗೆ ತಗೊಳೋ ಮುಂಚೆ ನಿಮ್ಮ ಮಗ ಬರೆದುಕೊಟ್ಟಿದ್ದು ಇದು. ಓದ್ತೀನಿ."

ಓದಿದರು. "ಸೋಮವಾರ ಅಮ್ಮ ಒಂದು ಚಮಚ ಔಷಧ ಕೊಟ್ಟಳು. ನಾಲಿಗೆಗೆ ತಾಗಿದ ಕೂಡಲೇ ಸಾರಾಯಿ ಎಂದು ಗೊತ್ತಾಯಿತು. ಬೇಡ ಅನ್ನಲಿಲ್ಲ. ಮಂಗಳವಾರ ಅವಳು ಕರೆಯುವುದನ್ನೇ ಕಾದೆ. ಬುಧವಾರ ಜಾಡಿಯಿಂದ ನಾನೇ ನಾಲ್ಕು ಗುಟುಕು ಕುಡಿದೆ. ಅಮ್ಮ ಕಿಟಕಿಯಿಂದ ನೋಡಿದಳು. ದಯವಿಟ್ಟು ಅವಳನ್ನು ಬೈಯಬೇಡಿ. ಅವಳಿಗೆ ಅದು ನಿಜವಾಗಿಯೂ ಔಷಧವೇ."

ಎತ್ತಿದ್ದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಮಿಸ್ಟರ್ ಸ್ಟಿಡಮ್," ಅಂದರು ಜಡ್ಜಮ್ಮ, "ಕುಡಿದಿದ್ದಕ್ಕೆ ಎರಡು ದಿನ ಜೈಲು, ಇವತ್ತಿಂದ್ಲೇ. ಕೇಳೋ ಮುಂಚೆ ಹೇಳಿದ್ದಕ್ಕೆ ಕೇಸು ಹೀಗೇ ಮುಂದುವರಿಯುತ್ತೆ, ನಿಮ್ಮನ್ನ ಕೈಬಿಡಲ್ಲ. ಮಗು ವಿಷಯ ಎರಡು ವಾರ ಮುಂದಕ್ಕೆ." ಆಮೇಲೆ ನನ್ನ ಕಡೆ ತಿರುಗಿದರು. "ಮಿಸೆಸ್ ಸ್ಟಿಡಮ್, ಇವತ್ತು ಈ ರೂಮಲ್ಲಿ ನಿಮ್ಮ ಮಗನ ಮಾತನ್ನ ನಾನು ನಂಬ್ತೀನಿ. ನಿಮ್ಮದನ್ನ ನಂಬಲ್ಲ. ಮಗು ಬರ್ತಿರೋದು ನೀವಿರೋ ಮನೆಗೆ. ಮಿಸ್ ಪ್ರಿಚರ್ಡ್ ಬಂದು ನೋಡ್ತಾರೆ. ಆ ಮನೇಲಿ ಒಂದು ತೊಟ್ಟು ಉಳಿದಿದ್ರೂ, ಒಂದು ಸುಳ್ಳು ಉಳಿದಿದ್ರೂ, ನಿಮ್ಮ ಮಗ ಬೇರೆ ಮನೆ ಹುಡುಕ್ಕೋಬೇಕು. ಅವ್ರು ಸೈನ್ ಹಾಕೋವರೆಗೂ ಮೇಸಿ ಬರಲ್ಲ."

ಲಾನಿಯನ್ನು ಕರೆದೊಯ್ಯುವ ಮುಂಚೆ ಮೊಗಸಾಲೆಯಲ್ಲಿ ಒಂದು ನಿಮಿಷ ಬಿಟ್ಟರು. ನನಗೆ ಸಿಟ್ಟೇ ಬಂದಿತ್ತು, ಸುಳ್ಳೇಕೆ ಹೇಳಲಿ. "ಮನೇಲೇ ಒಂದು ಮಾತು ಹೇಳೋಕೆ ಏನಾಗಿತ್ತೋ ನಿಂಗೆ? ಕೋರ್ಟಲ್ಲಿ ನನ್ನ ಮಾನ ಹರಾಜು ಹಾಕಿದೆಯಲ್ಲೋ!"

"ಅದಕ್ಕೇ ಬರ್ಬೇಡ ಅಂದೆ."

"ನಿಂಗೋಸ್ಕರ ಹೇಳ್ದೆ ಕಣೋ. ಮಗೂಗೋಸ್ಕರ."

"ಗೊತ್ತಮ್ಮ," ಅಂದ. ದನಿ ಏರಿಸಲಿಲ್ಲ. "ಕುಡೀತಿದ್ದಾಗ ನಾನೂ ಎಲ್ರಿಗೂ ಹಿಂಗೇ ಸುಳ್ಳು ಹೇಳ್ತಿದ್ದೆ. ನೀನು ಅಲ್ಲಿ ನಿಂತು ಕಣ್ಣು ಮಿಟುಕಿಸ್ದೆ ಹೇಳ್ತಿದ್ದಾಗ ನಂಗೆ ನಂದೇ ದನಿ ಕೇಳ್ತಿತ್ತು. ಇದನ್ನ ನಾನು ಎಲ್ಲಿ ಕಲಿತೆ ಅಂತ ಹನ್ನೊಂದು ತಿಂಗಳಿಂದ ಯೋಚ್ನೆ ಮಾಡ್ತಿದ್ದೆ."

ಹೋಬರ್ಟ್ ಒಮ್ಮೆ ನನ್ನ ಕೆನ್ನೆಗೆ ಹೊಡೆದಿದ್ದ. ಅದು ಇಷ್ಟು ಉರಿದಿರಲಿಲ್ಲ.

ಲಾನಿ ಭಾನುವಾರ ಬಂದ. ನಾವು ಕಾಯಿ ಆಯ್ದೆವು, ದಾರಿಗೆ ಹರವಿದೆವು, ಅವನು ಗಾಡಿ ಓಡಿಸಿದ, ನಾನು ಸಿಪ್ಪೆ ಬಿಡಿಸಿ ಕಾಯಿ ತೊಳೆದೆ. ತೇಲಿದ್ದು ಟೊಳ್ಳು, ಮುಳುಗಿದ್ದು ಗಟ್ಟಿ. ಊಟಕ್ಕೆ ಕರೆಯುವುದು, ಉಪ್ಪು ಕೇಳುವುದು, ಅಷ್ಟೇ ಮಾತು. ಎರಡು ವಾರವೂ ಹಾಗೇ ಕಳೆಯಿತು.

ಹೇಳಿದ ದಿನ ಮಿಸ್ ಪ್ರಿಚರ್ಡ್ ಬಂದಳು. ಮಂಚದಡಿ, ಒಲೆಯ ಹಿಂದೆ, ಕೊಟ್ಟಿಗೆ, ಗಾಡಿಯ ಸೀಟಿನ ಕೆಳಗೆ, ಎಲ್ಲ ನೋಡಿದಳು. ಉಗ್ರಾಣದಲ್ಲಿದ್ದ ಜಾಡಿಗಳನ್ನೆಲ್ಲ ನಾನೇ ಹೊರಗೆ ತಂದು ಸಾಲಾಗಿಟ್ಟಿದ್ದೆ. ಒಂದೊಂದನ್ನೇ ಬೇಲಿಯ ಬುಡಕ್ಕೆ ಸುರಿದೆ. ಆರ್ವಿಲ್‌ನ ಹೂಜಿಯನ್ನೂ ಸುರಿದೆ. ಕೆಮ್ಮಿನದು, ಹುಳದ್ದು, ಕೀಲುನೋವಿನದು, ಕಣಿವೆಯ ಅರ್ಧ ಜನಕ್ಕೆ ನಾನು ಕೊಡುತ್ತಿದ್ದ ಔಷಧವೆಲ್ಲ ಮಣ್ಣಿಗೆ ಇಳಿಯಿತು. ಲಾನಿ ಗಾಳಿ ಬೀಸುವ ಕಡೆಗೆ ಮುಖ ಮಾಡಿ ದೂರ ನಿಂತಿದ್ದ.

"ಇಷ್ಟೇನಾ ಮಿಸೆಸ್ ಸ್ಟಿಡಮ್?" ಅಂದಳು ಮಿಸ್ ಪ್ರಿಚರ್ಡ್. ಪೆನ್ನಿನ ಕ್ಯಾಪು ಆಗಲೇ ಕಿತ್ತಿದ್ದಳು. "ಮನೇಲಿ ಇನ್ನೇನೂ ಇಲ್ವಲ್ಲ? ಇಲ್ಲಾಂದ್ರೆ ಸೈನ್ ಹಾಕ್ತೀನಿ, ಶನಿವಾರ ಹತ್ತು ಗಂಟೆಗೆ ನಾನೇ ಮೇಸೀನ ಕರ್ಕೊಂಡು ಬರ್ತೀನಿ."

ಇನ್ನೊಂದು ಇತ್ತು. ಹಿಂಬಾಗಿಲ ಪಕ್ಕದ ಕೌದಿ ಪೆಟ್ಟಿಗೆಯ ತಳದಲ್ಲಿ, ನಮ್ಮಮ್ಮನ ಮದುವೆ ಕೌದಿಯೊಳಗೆ ಸುತ್ತಿಟ್ಟಿದ್ದೆ. ಅಮ್ಮ ಸಾಯುವ ವರ್ಷ, ಕೈ ನಡುಗುತ್ತಿದ್ದರೂ ನನಗೆ ಚಾಕು ಕೊಡದೆ ತಾನೇ ಸಿಪ್ಪೆ ಹೆಚ್ಚಿ ತುಂಬಿದ ಜಾಡಿ. ಹತ್ತೊಂಬತ್ತು ವರ್ಷದಿಂದ ನಾನು ಅದರ ಮುಚ್ಚಳ ತೆಗೆದಿಲ್ಲ. ಎರಡು ವಾರದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ: ಅದು ಸಾರಾಯಿಯಲ್ಲ, ಅದು ಅಮ್ಮ. ಪೆಟ್ಟಿಗೆಯನ್ನು ಆ ಹುಡುಗಿ ತೆರೆದಿದ್ದಳು, ಮೇಲಿನ ಎರಡು ಕೌದಿ ಎತ್ತಿ, ಚೆನ್ನಾಗಿದೆ ಅಂದು ಮುಚ್ಚಿದ್ದಳು. ಈಗ ನಾನು ಹೂಂ ಅಂದರೆ ಮುಗಿಯಿತು, ಮಗು ಬರುತ್ತದೆ. ಇಲ್ಲ ಅಂದರೆ, ಬಚ್ಚಿಟ್ಟಿದ್ದೆ ಎಂದು ಒಪ್ಪಿಕೊಂಡ ಹಾಗೆ. ಅವಳು ಪೆನ್ನು ಮುಚ್ಚಿ ಹೊರಟುಹೋದರೆ?

"ಇಷ್ಟೇ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ಹೆದರಿಕೆಯಾಯಿತು. ಲಾನಿ ತಿರುಗಿ ನನ್ನನ್ನು ನೋಡುತ್ತಿದ್ದ.

"ಇಲ್ಲ," ಅಂದೆ. "ಇನ್ನೊಂದಿದೆ."

ತಂದೆ. ಮಿಸ್ ಪ್ರಿಚರ್ಡ್ ಜಾಡಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾಕೆ ಇಟ್ಕೊಂಡಿದ್ರಿ?"

"ನಮ್ಮಮ್ಮ ಮಾಡಿದ್ದು. ಬಿಡಕ್ಕಾಗ್ಲಿಲ್ಲ. ನಿಮ್ಗೆ ಸುಳ್ಳು ಹೇಳೋಳಿದ್ದೆ."

"ಅಮ್ಮ," ಅಂದ ಲಾನಿ. "ಅದು ಅಲ್ಲಿದೆ ಅಂತ ನಂಗೆ ಗೊತ್ತಿತ್ತು. ದಿನಾ ಆ ಪೆಟ್ಟಿಗೆ ಮೇಲೆ ಕೂತೇ ಬೂಟು ಹಾಕ್ಕೋತಿದ್ದೆ."

"ಮುಟ್ಲಿಲ್ವಾ?"

"ಮುಟ್ಟಿದ್ರೆ ಹೇಳ್ತಿದ್ದೆ."

ಮಿಸ್ ಪ್ರಿಚರ್ಡ್ ತಲೆ ತಗ್ಗಿಸಿ ಸೈನ್ ಹಾಕಿದಳು. "ಶನಿವಾರ ಹತ್ತಕ್ಕೆ," ಅಂದಳು. "ಅದನ್ನ ಚೆಲ್ಲಿದ ಮೇಲೆ."

ಮುಚ್ಚಳ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ತಿರುಗಿಸಿದೆ, ಅಲ್ಲಾಡಲಿಲ್ಲ. ಲಾನಿ ಕೈ ಚಾಚಿದ. ಕೊಡುವುದೋ ಬೇಡವೋ ಎಂದು ಒಂದು ಕ್ಷಣ ಗಟ್ಟಿಯಾಗಿ ಹಿಡಿದುಕೊಂಡೆ, ಆಮೇಲೆ ಕೊಟ್ಟೆ. ಅವನು ಒಂದೇ ತಿರುವಿಗೆ ತೆರೆದ. ವಾಸನೆ ನನ್ನ ಮೂಗಿಗೂ ಹೊಡೆಯಿತು. ನಾನು ಅವನ ಗಂಟಲನ್ನೇ ನೋಡುತ್ತಿದ್ದೆ.

"ನೋಡ್ಬೇಡಮ್ಮ," ಅಂದ. "ಚೆಲ್ತೀನಿ."

ನಾನು ಬೆನ್ನು ತಿರುಗಿಸಿ ಮನೆಯ ಗೋಡೆ ನೋಡುತ್ತ ನಿಂತೆ. ಗುಳುಗುಳು ಸದ್ದು ಪೂರ್ತಿ ನಿಲ್ಲುವವರೆಗೂ ತಿರುಗಲಿಲ್ಲ.